ಮಾಮಾನ ಗೋಡೆಯ ಮೇಲಿನ ಪಂಕ್ತಿ

ನಮ್ಮ ಸೋದರಮಾವನ ಕೈಗೆ ಸಿಕ್ಕ ಮೇಲೆ ಯೇಸುಸ್ವಾಮಿಗೂ ಜೋಳದ ರೊಟ್ಟಿ ತಪ್ಪಲಿಲ್ಲ! ಸ್ವಾಮಿ ಬೇತ್ಲೆಹೇಮಿನಲ್ಲಿ ಹುಟ್ಟಿ ಯೆರೂಸಲೇಮಿನಲ್ಲಿ ಓಡಾಡಿದರು ಎಂದು ನೀವು ಕೇಳಿರಬಹುದು. ಮಾಮಾನ ಚಿತ್ರಗಳನ್ನು ನೋಡಿದರೆ ಮಾತ್ರ ಅವರು ನಮ್ಮ ಕಡೆಯ ಮರಳಿ, ಗಂಗಾವತಿ, ಹೆಚ್ಚೆಂದರೆ ಆನೆಗೊಂದಿ ದಾಟಿ ಆಚೆ ಹೋದಂತೆ ಕಾಣುವುದಿಲ್ಲ. ಹಿಂದೆ ಬಂಡೆಗಲ್ಲಿನ ಗುಡ್ಡ, ಮುಂದೆ ಭತ್ತದ ಗದ್ದೆ, ನಡುವೆ ಪ್ರಭು. ಗದ್ದೆ ಯಾಕೆ ಅಂತೀರಾ? ಮಾಮಾನಿಗೆ ಕಾಲಿನ ಬೆರಳು ಬಿಡಿಸಲು ಬರುವುದಿಲ್ಲ. ಒಂದು ಸಲ ಆರಾದವು, ಮತ್ತೊಂದು ಸಲ ನಾಲ್ಕಕ್ಕೇ ನಿಂತವು. ಅಂದಿನಿಂದ ಅವನ ಪ್ರವಾದಿಗಳು, ದೇವದೂತರು ಎಲ್ಲರೂ ಮೊಣಕಾಲುದ್ದ ಭತ್ತದಲ್ಲೇ ನಿಂತಿದ್ದಾರೆ.

ಹಾಗಂತ ಮಾಮಾ ಚಿತ್ರಕಾರನೇನಲ್ಲ. ಮುನಿರಾಬಾದಿನ ನೀರಾವರಿ ಇಲಾಖೆಯಲ್ಲಿ ಕಾಲುವೆಯ ಗೇಜ್ ನೋಡುವ ಕೆಲಸದಲ್ಲಿದ್ದು ನಿವೃತ್ತನಾದವನು. ಕಾಲುವೆಯಲ್ಲಿ ಎಷ್ಟು ಅಡಿ ನೀರು ಹರಿಯುತ್ತಿದೆ ಎಂದು ದಿನಕ್ಕೆ ಎರಡು ಸಲ ಗೇಜ್ ಕಲ್ಲು ನೋಡಿ ಬರೆದುಕೊಳ್ಳುವುದು, ವರ್ಷಕ್ಕೊಮ್ಮೆ ಆ ಕಲ್ಲಿನ ಗೆರೆಗೂ ಅಂಕಿಗೂ ಹೊಸದಾಗಿ ಬಣ್ಣ ಹಚ್ಚುವುದು, ಇದು ಅವನ ಕೆಲಸ. ಕುಂಚ ಕೈಗೆ ಬಂದದ್ದು ಹಾಗೆ. ಅಂಕಿಯಿಂದ ಆಕಳಿಗೆ, ಆಕಳಿನಿಂದ ಆದಾಮನಿಗೆ ಬಡ್ತಿ ಪಡೆದ. ಇಲಾಖೆ ಕೊಡದ ಬಡ್ತಿಯನ್ನು ತಾನೇ ತಗೊಂಡ ಎನ್ನುವುದು ಅವನ ಹೆಂಡತಿ, ಅಂದರೆ ನಮ್ಮ ಅತ್ತಿ, ಹೇಳುವ ಮಾತು.

ಅವನ ಮೊದಲ ದೊಡ್ಡ ಚಿತ್ರ ನೋಹನ ಜಲಪ್ರಳಯ. ಹಳೆಯ ಬಾಗಿಲೊಂದರ ಮೇಲೆ ಬರೆದದ್ದು. ಹಡಗು ಇತ್ತು, ಆನೆ ಇತ್ತು, ಜೋಡಿ ಎಮ್ಮೆ ಇದ್ದವು. ಹಡಗಿನ ಪಕ್ಕದಲ್ಲೇ ನೀರಿನೊಳಗೆ ಒಂದು ಬಿಳಿ ಗೇಜ್ ಕಲ್ಲು, ಅದರ ಮೇಲೆ ಒಂದರಿಂದ ಹನ್ನೆರಡರವರೆಗೆ ಅಂಕಿ! ನಾನು ಆಗ ಹೈಸ್ಕೂಲು ಹುಡುಗಿ, ಬಾಯಿ ಸುಮ್ಮನಿರುತ್ತದೆಯೇ? ಇದೇನು ಮಾಮಾ, ನೋಹನ ಕಾಲಕ್ಕೂ ನಿಮ್ಮ ಇಲಾಖೆ ಇತ್ತೇನು ಎಂದು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ.

"ನೀರು ಅಂದಮ್ಯಾಲ ಅಳತಿ ಇರಬೇಕವ್ವ. ದೇವರು ಅಳತಿ ಇಲ್ಲದ ನೀರು ಬಿಡತಾನೇನು?"

ಆಮೇಲೆ ಅವನ ಯಾವ ಚಿತ್ರದಲ್ಲಿ ನೀರು ಬಂದರೂ ಜೊತೆಗೆ ಗೇಜ್ ಕಲ್ಲು ಬಂತು. ಅಷ್ಟೇ ಆಗಿದ್ದರೆ ಅನುಸರಿಸಿಕೊಂಡು ಹೋಗಬಹುದಿತ್ತು. ಆದರೆ ಮಾಮಾ ಕಲ್ಲಿನ ಮೇಲೆ ತೋರಿಸುತ್ತಿದ್ದ ಮಟ್ಟ ಅಂದು ಬೆಳಿಗ್ಗೆ ತಾನು ಕಾಲುವೆಯಲ್ಲಿ ನೋಡಿ ಬಂದ ಮಟ್ಟವೇ ಆಗಿರಬೇಕು. ಸುಳ್ಳು ಗೇಜ್ ಬರೆದು ಗೊತ್ತಿಲ್ಲ ಅವನಿಗೆ. ಪೇತ್ರನು ಸಮುದ್ರದ ಮೇಲೆ ನಡೆಯಲು ಹೋಗಿ ಅಂಜಿ ಮುಳುಗುತ್ತಾನಲ್ಲ, ಆ ಚಿತ್ರ ಬರೆದ ದಿನ ಕಾಲುವೆಯಲ್ಲಿದ್ದದ್ದು ಮೂರು ಅಡಿ. ಪೇತ್ರ ಎರಡೂ ಕೈ ಮೇಲೆತ್ತಿ ಕಾಪಾಡು ಎಂದು ಕೂಗುತ್ತಿದ್ದಾನೆ, ಪಕ್ಕದ ಕಲ್ಲು ಮೂರು ತೋರಿಸುತ್ತಿದೆ! ಕ್ರಿಸ್‌ಮಸ್ ದಿನ ಅದನ್ನು ನಮ್ಮೂರ ಚರ್ಚಿನಲ್ಲಿ ತೂಗುಹಾಕಿದರು. ಪಾಸ್ಟರ್ ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದ್ದರಷ್ಟೇ, ಹಿಂದಿನಿಂದ ಯಾರೋ ಹಿರಿಯರು, ಎದ್ದು ನಿಂದ್ರೋ ಪೇತ್ರಪ್ಪ, ಮೂರ ಅಡಿ ಐತಿ ಎಂದುಬಿಟ್ಟರು. ಹಾರ್ಮೋನಿಯಮ್ ನುಡಿಸುವವನು ಅದರ ಮೇಲೇ ಬಿದ್ದು ನಕ್ಕ. ಪಾಸ್ಟರಿಗೆ ಆಮೆನ್ ಹೇಳಲೂ ಆಗಲಿಲ್ಲ. ಇನ್ನು ಮುಂದೆ ಚರ್ಚಿನೊಳಗೆ ಚಿತ್ರಗಿತ್ರ ಬೇಡ ಎಂದು ಸಭೆಯ ಹಿರಿಯರು ಅಂದೇ ತೀರ್ಮಾನ ಮಾಡಿದರು.

ಎಲ್ಲರಿಗಿಂತ ಜೋರಾಗಿ ನಕ್ಕವಳು ನಮ್ಮ ಅಮ್ಮ. ಅವಳು ಮಾಮಾನ ಅಕ್ಕ. ಅವರ ತಾಯಿ ಬೇಗ ತೀರಿಹೋಗಿದ್ದರಿಂದ ಇವನನ್ನು ಎತ್ತಿ ಆಡಿಸಿ ಉಣಿಸಿ ದೊಡ್ಡವನನ್ನು ಮಾಡಿದವಳು. ನಕ್ಕು ನಕ್ಕು ಕಣ್ಣೊರೆಸಿಕೊಂಡವಳು ತಮ್ಮನ ಸಣ್ಣಗಾದ ಮುಖ ನೋಡಿ ಎದ್ದು ನಿಂತು, ಒಂದು ದಿನ ಇದೇ ಚರ್ಚಿನ ಗೋಡೆ ಮೇಲೆ ನನ್ನ ತಮ್ಮನ ಚಿತ್ರ ಇರುತ್ತದೆ, ಬೇಕಾದರೆ ನೋಡುತ್ತಿರ್ರಿ ಎಂದು ಎಲ್ಲರ ಮುಂದೆ ಹೇಳಿದಳು. ಅದನ್ನು ನೋಡಲು ಅವಳೇ ಉಳಿಯಲಿಲ್ಲ.

ಅಮ್ಮನಿಗೆ ಕಾಮಾಲೆ ಆಯಿತು. ನಮ್ಮ ಕಡೆ ಕಾಮಾಲೆ ಎಂದರೆ ಮೊದಲು ಹೋಗುವುದು ಬೇರು ಅರೆದು ಕೊಡುವವರ ಹತ್ತಿರ. ಅಪ್ಪನೂ ಹಾಗೇ ಕರೆದುಕೊಂಡು ಹೋದ. ಎಂಟು ದಿನ ಬೇರು, ಜೊತೆಗೆ ಪಥ್ಯ. ಮಾಮಾ ದಿನಾಲೂ ಬಂದು ಆಸ್ಪತ್ರೆಗೆ ಒಯ್ಯೋಣ ಎಂದು ಹಟ ಹಿಡಿದ, ಅಪ್ಪ ಇನ್ನೆರಡು ದಿನ ನೋಡೋಣ ಎಂದ. ಒಂಬತ್ತನೆಯ ದಿನ ಒಯ್ಯುವ ಹೊತ್ತಿಗೆ ಕೈ ಮೀರಿತ್ತು. ಮಣ್ಣು ಕೊಡುವಾಗ ಮಾಮಾ ಎಲ್ಲರೆದುರು ಅಪ್ಪನಿಗೆ ಒಂದೇ ಮಾತು ಹೇಳಿದ. "ನಮ್ಮ ಅಕ್ಕ ನಿನ್ನ ನಂಬಿದ್ಲು." ಬೈದು ಹಾಕಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದನೇನೋ. ಅಂದಿನಿಂದ ಅವನು ಚರ್ಚಿಗೂ ಬರಲಿಲ್ಲ, ಮಾಮಾನ ಹೊಸ್ತಿಲೂ ತುಳಿಯಲಿಲ್ಲ. ಹನ್ನೊಂದು ವರ್ಷ! ನಾನೂ ಮೊದಮೊದಲು ಮಾಮಾನ ಪಕ್ಷವೇ, ಸುಳ್ಳು ಯಾಕೆ ಹೇಳಲಿ?

ಇಬ್ಬರ ಮನೆ ಇರುವುದು ಒಂದೇ ಓಣಿಯಲ್ಲಿ, ನಡುವೆ ಆರು ಬಾಗಿಲು. ಕುಷ್ಟಗಿಯಲ್ಲಿ ಟೀಚರಾಗಿರುವ ನಾನು ರಜೆಗೆ ಬಂದೆನೆಂದರೆ ಅಂಚೆ ಕಚೇರಿ ತೆರೆಯಿತು ಅನ್ನಿ. ಸಂತೆಯಲ್ಲಿ ಎದುರಾದಾಗ, ನಿಮ್ಮಪ್ಪ ಅಂಗಿ ಗುಂಡಿ ತಪ್ಪಿ ಹಾಕ್ಯಾನ ಅಂತ ಹೇಳವ್ವ ಎಂದು ಮಾಮಾ ನನಗೆ ಹೇಳುತ್ತಿದ್ದ. ಮೂರು ಮಾರು ದೂರದಲ್ಲಿ ನಿಂತ ಅಪ್ಪ ಗುಂಡಿ ಸರಿ ಮಾಡಿಕೊಂಡು, ನೋಡೀನಿ ಅಂತ ಹೇಳು ಎನ್ನುತ್ತಿದ್ದ. ಇಬ್ಬರು ದೊಡ್ಡ ಮನುಷ್ಯರ ನಡುವೆ ನಿಂತು ನಾನು ಬದನೆಕಾಯಿ ಆರಿಸಬೇಕು.

ಹೀಗಿರುವಾಗ ಹೊಸ ಪಾಸ್ಟರ್ ಬಂದರು. ಮಳೆಗೆ ಕೆಟ್ಟಿದ್ದ ಚರ್ಚಿನ ಬಲಗೋಡೆಗೆ ಹೊಸ ಗಿಲಾವು ಮಾಡಿಸಿದರು. ಗಿಲಾವು ಒಣಗುವುದಕ್ಕಿಲ್ಲ, ಮಾಮಾ ಹೋಗಿ ನಿಂತ. ಅಕ್ಕನ ಹೆಸರಿನಲ್ಲಿ ಈ ಗೋಡೆ ನನಗೆ ಕೊಡಿ ಎಂದ. ಪಾಸ್ಟರ್ ಹೂಂ ಅಂದರೂ ಹಿರಿಯರು ಆ ಮೂರು ಅಡಿಯನ್ನು ಮರೆತಿರಲಿಲ್ಲ. ಕಡೆಗೆ ಎರಡು ಷರತ್ತು ಹಾಕಿದರು. ಚಿತ್ರದಲ್ಲಿ ನೀರು ಇರಕೂಡದು. ಗುಡ್ ಫ್ರೈಡೆಯ ಹಿಂದಿನ ದಿನ, ಪ್ರಭುವಿನ ಕೊನೆಯ ಊಟವನ್ನು ನೆನೆಯುವ ಗುರುವಾರ ಬರುತ್ತದಲ್ಲ, ಅಷ್ಟರೊಳಗೆ ಮುಗಿಯಬೇಕು. ಇಲ್ಲವಾದರೆ ಮೇಲೆ ಸುಣ್ಣ ಹೊಡೆಯುವುದು.

ಮಾಮಾ ಆ ಕೊನೆಯ ಊಟವನ್ನೇ ಬರೆಯುತ್ತೇನೆ ಎಂದ. ಪಾಸ್ಟರ್ ಮಾದರಿಗೆಂದು ಕ್ಯಾಲೆಂಡರಿನ ಚಿತ್ರವೊಂದನ್ನು ಕೊಟ್ಟರು. ಅದರಲ್ಲಿ ಎಲ್ಲರೂ ಉದ್ದದ ಮೇಜಿನ ಒಂದೇ ಬದಿಗೆ ಕುಳಿತಿದ್ದರು. ಮಾಮಾ ಅದನ್ನು ತಿರುವಿ ಮುರುವಿ ನೋಡಿ, ಒಂದು ಸಾಲಿನಲ್ಲಿ ಕುಂತು ಉಂಡರೆ ಅದು ಪಂಕ್ತಿ, ಪಂಕ್ತಿಗೆ ಮೇಜು ಯಾಕೆ ಎಂದು ಕೇಳಿದ. ಹೇಳಿ, ಏನು ಉತ್ತರ ಕೊಡುತ್ತೀರಿ? ಅವನ ಗೋಡೆಯ ಮೇಲೆ ಹನ್ನೆರಡು ಮಂದಿ ಶಿಷ್ಯರು ಚಾಪೆ ಹಾಸಿ ಚಕ್ಕಳಮಕ್ಕಳ ಹಾಕಿ ಕುಳಿತರು, ಕಾಲಬೆರಳು ಧೋತರದೊಳಗೆ ಸುರಕ್ಷಿತವಾದವು. ಎಲ್ಲರ ಮುಂದೆ ಒಂದೊಂದು ಹಿತ್ತಾಳೆ ಚರಗಿ. ಒಳಗೆ ಎಷ್ಟು ನೀರಿದೆ ಎಂದು ಹೊರಗೆ ಕಾಣುವ ಹಾಗಿಲ್ಲ, ಷರತ್ತು ಷರತ್ತೇ! ಯೇಸುಸ್ವಾಮಿ ಎಲ್ಲಿ ಎಂದರೆ, ಬಡಿಸುತ್ತಿದ್ದಾರೆ. ಊಟಕ್ಕೆ ಕರೆದವನು ತಾನೇ ನಡುವೆ ಕುಂತು ಉಣ್ಣುವುದು ಎಲ್ಲಿಯ ರೀತಿ? ಮಂದಿ ಎದ್ದ ಮೇಲೆ ಅಲ್ಲವೇ ಮನೆಯವರ ಊಟ? ಹಾಗಾಗಿ ಸ್ವಾಮಿ ರೊಟ್ಟಿ ಬುಟ್ಟಿ ಹಿಡಿದು ಬಾಗಿದ್ದರು, ಜೋತುಬಿದ್ದ ಕೂದಲಲ್ಲಿ ಮುಖ ಕಾಣುತ್ತಿರಲಿಲ್ಲ. ಆ ಮುಖ ಬರೆಯಲು ತನಗೆ ಅಂಜಿಕೆ ಎಂದು ಮಾಮಾ ನನ್ನೊಬ್ಬಳಿಗೆ ಹೇಳಿದ್ದ.

ಉಳಿದ ಹನ್ನೆರಡು ಮುಖ ಎಲ್ಲಿಂದ ತರುವುದು? ನೋಡದ ಮುಖ ಬರೆದರೆ ಅದು ಸುಳ್ಳು ಗೇಜ್ ಬರೆದ ಹಾಗೆ. ಅದಕ್ಕೆ ಮಾಮಾ ಒಬ್ಬೊಬ್ಬರನ್ನೇ ಮನೆಗೆ ಕರೆದು, ಊಟಕ್ಕೆ ಕೂರಿಸಿ, ಎದುರು ಕುಳಿತು ಪೆನ್ಸಿಲ್ಲಿನಲ್ಲಿ ಮುಖ ಬರೆದುಕೊಳ್ಳುತ್ತಿದ್ದ. ಉಣ್ಣುವಾಗ ಮನುಷ್ಯ ಸುಳ್ಳು ಮುಖ ಮಾಡುವುದಿಲ್ಲ ಎನ್ನುವುದು ಅವನ ಸಿದ್ಧಾಂತ. ಪೇತ್ರನಿಗೆ ಆನೆಗೊಂದಿಯ ಹರಿಗೋಲಿನವನು ಸಿಕ್ಕ. ಹನುಮಪ್ಪನ ಭಕ್ತ, ಬಂದದ್ದು ಶನಿವಾರ, ಅಂದು ಅವನಿಗೆ ಉಪವಾಸ. ಮತ್ತೆ ಸೋಮವಾರ ಬಂದು ಶನಿವಾರದ್ದನ್ನೂ ಸೇರಿಸಿ ಉಂಡ. ಸುಂಕ ವಸೂಲಿ ಮಾಡುತ್ತಿದ್ದ ಮತ್ತಾಯನಿಗೆ ಪಂಚಾಯಿತಿಯ ಬಿಲ್ ಕಲೆಕ್ಟರ್. ಏನನ್ನೂ ಮುಟ್ಟಿ ನೋಡದೆ ನಂಬದ ತೋಮನಿಗೆ ಚಹಾ ಅಂಗಡಿಯ ಹುಸೇನಸಾಬ. ತನ್ನ ಮುಖ ಬಂದಿದೆಯೋ ಇಲ್ಲವೋ ಎಂದು ಅವನು ದಿನಾ ಚರ್ಚಿಗೆ ಬಂದು ನೋಡಿ, ಒಂದು ದಿನ ಹಸಿ ಬಣ್ಣದ ಮೇಲೆ ಹೆಬ್ಬೆರಳು ಒತ್ತಿಯೇಬಿಟ್ಟ. ತೋಮನ ಗಡ್ಡದಲ್ಲಿ ಆ ಗುರುತು ಈಗಲೂ ಇದೆ.

ಅತ್ತಿಯ ಸಂಕಟ ಕೇಳುವವರು ಯಾರು? ನಾನು ಹೋದಾಗ ರೊಟ್ಟಿ ಬಡಿಯುತ್ತಲೇ ಹೇಳಿದಳು. "ಸ್ವಾಮಿ ಐದು ರೊಟ್ಟ್ಯಾಗ ಐದು ಸಾವಿರ ಮಂದೀಗೆ ಉಣಿಸಿದ್ರು. ನಿಮ್ಮ ಮಾಮಾ ಹನ್ನೊಂದು ಮಂದೀಗೆ ನನ್ನ ಕೈಲೆ ಎಷ್ಟು ಬಡಿಸ್ಯಾನ ಕೇಳು."

ಹನ್ನೊಂದು ಮಂದಿ ಎಂದಳಲ್ಲ, ಅಲ್ಲೇ ಇದ್ದದ್ದು ಕಷ್ಟ. ಹನ್ನೆರಡನೆಯವನು ಯೂದ. ಗುರುವನ್ನು ಹಿಡಿದುಕೊಟ್ಟವನು. ಅವನಾಗಲು ಯಾರು ಒಪ್ಪುತ್ತಾರೆ? ಕೇಳಲು ಹೋದ ಮಾಮಾನಿಗೆ ಒಬ್ಬರ ಮನೆಯಲ್ಲಿ ಚಹಾ ಕೂಡ ಕೊಡಲಿಲ್ಲ. ಮತ್ತೊಬ್ಬರ ಹೆಂಡತಿ, ಮಗಳ ಮದುವೆ ಗೊತ್ತಾಗುವುದಿದೆ, ಬೀಗರು ನೋಡಿದರೆ ಏನು ಗತಿ ಎಂದು ಕೈ ಮುಗಿದಳು. ಅವನ ಬೆನ್ನಷ್ಟೇ ಬರಿ ಎಂದು ಪಾಸ್ಟರ್ ದಾರಿ ತೋರಿಸಿದರೆ, ಊಟಕ್ಕೆ ಕುಂತವನ ಮುಖ ತಿರುಗಿಸುವುದು ಅವಮಾನ ಎಂದು ಮಾಮಾ ಒಪ್ಪಲಿಲ್ಲ. ಕಡೆಗೆ ತನ್ನದೇ ಮುಖ ಬರೆಯಲು ಕನ್ನಡಿ ಎದುರಿಗೆ ಕುಳಿತ. ಒಂದು ಕೈಯಲ್ಲಿ ರೊಟ್ಟಿ, ಒಂದು ಕೈಯಲ್ಲಿ ಪೆನ್ಸಿಲ್, ಪಲ್ಯ ಕಲಸಲು ಮೂರನೆಯ ಕೈ ಎಲ್ಲಿಂದ ಬರಬೇಕು? ಅಷ್ಟರಲ್ಲಿ ಅತ್ತಿ ಬಂದು ಕನ್ನಡಿ ಕಿತ್ತುಕೊಂಡಳು. ನನ್ನ ಗಂಡನಿಗೆ ನಾನು ಯೂದ ಅಂತೀನಿ, ಊರವರು ಅನ್ನಕೂಡದು ಎನ್ನುವುದು ಅವಳ ವಾದ.

ಆ ವರ್ಷ ಈಸ್ಟರ್ ತಡವಾಗಿ ಬಂದಿತ್ತು. ನಾನು ರಜೆಗೆ ಬಂದಾಗ ಗುರುವಾರಕ್ಕೆ ನಾಲ್ಕೇ ದಿನ ಉಳಿದಿತ್ತು. ಗೋಡೆಯ ಮೇಲೆ ಹನ್ನೊಂದು ಮಂದಿ ಉಣ್ಣುತ್ತಿದ್ದರು, ಹನ್ನೆರಡನೆಯವನಿಗೆ ಅಂಗಿ ಇತ್ತು, ತಟ್ಟೆ ಇತ್ತು, ಮುಖ ಇರಲಿಲ್ಲ. ಸಂಡೇಸ್ಕೂಲಿನ ಮಕ್ಕಳು ಮುಖವಿಲ್ಲದ ಮನುಷ್ಯನಿಗೆ ಹೆದರಿ ಆ ಬದಿಗೆ ಕೂರುತ್ತಿರಲಿಲ್ಲ. ಹಿರಿಯರು ಸುಣ್ಣದ ಡಬ್ಬಿ ತರಿಸಿಟ್ಟಿದ್ದರು. ಮಾಮಾ ಮಾತು ಬಿಟ್ಟಿದ್ದ. ಅಕ್ಕನ ಗೋಡೆ ಸುಣ್ಣಕ್ಕೆ ಹೋಗುತ್ತದೆ ಎನ್ನುವ ಚಿಂತೆಗೆ ಅವನ ಗಲ್ಲ ಒಳಗೆ ಹೋಗಿದ್ದವು. ನನಗೆ ಅವನನ್ನು ತಮಾಷೆ ಮಾಡುವ ಮನಸ್ಸೂ ಬರಲಿಲ್ಲ.

ಮನೆಗೆ ಬಂದರೆ ಅಪ್ಪ, ನಿಮ್ಮ ಮಾಮಾನ ಗೋಡಿ ಮುಗೀತೇನು ಎಂದು ಕೇಳಿದ. ಹನ್ನೊಂದು ವರ್ಷದಲ್ಲಿ ಅವನಾಗಿಯೇ ಮಾಮಾನ ಸುದ್ದಿ ಎತ್ತಿದ್ದು ಅದೇ ಮೊದಲು. ಎಲ್ಲ ಹೇಳಿದೆ. ಮರುದಿನ ಮಧ್ಯಾಹ್ನ ಅಪ್ಪ ಗಡ್ಡ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನಡಿ ಎಂದ. ಗಂಗಾವತಿಗೆ ಹೊರಟಿದ್ದಾನೆ ಅಂದುಕೊಂಡೆ. ಆರು ಬಾಗಿಲು ದಾಟಿ ಮಾಮಾನ ಮನೆ ಮುಂದೆ ನಿಂತ.

ಮಾಮಾ ಕಟ್ಟೆಯ ಮೇಲೆ ಕುಳಿತು ಕುಂಚ ಒರೆಸುತ್ತಿದ್ದ. ಅತ್ತಿ ಬಾಗಿಲಲ್ಲಿ ಇದ್ದಳು. ಅಪ್ಪ ಮೆಟ್ಟಿಲ ಕೆಳಗೇ ನಿಂತು ನನ್ನ ಕಡೆ ತಿರುಗಿದ.

"ಕೇಳವ್ವ ನಿಮ್ಮ ಮಾಮಾಗ. ಯೂದನ ಜಾಗಾ ಖಾಲಿ ಐತಂತ. ನನ್ನ ಮಾರಿ ನಡೀತೈತೇನು ಅಂತ ಕೇಳು."

ಮಾಮಾನ ಕೈ ನಿಂತಿತು. ತಲೆ ಎತ್ತದೆ ನನಗೇ ಹೇಳಿದ. "ಯಾಕ ಅಂತ ಕೇಳು."

ಅಪ್ಪ ಈಗ ನನ್ನನ್ನು ಬಿಟ್ಟು ನೇರವಾಗಿ ಅವನನ್ನೇ ನೋಡಿದ.

"ಅಂವನೂ ಪಂಕ್ತ್ಯಾಗ ಕುಂತಿದ್ದ ಹೌದಲ್ಲ? ಅಂವಗೂ ರೊಟ್ಟಿ ನೀಡ್ಯಾರ. ನನಗ ಅಷ್ಟ ಸಾಕು."

ಮಾಮಾ ಕಟ್ಟೆಯ ಮೇಲಿದ್ದ ಬಣ್ಣದ ಡಬ್ಬಿಗಳನ್ನು ಒಂದೊಂದಾಗಿ ಆಚೆ ಸರಿಸಿ ದಾರಿ ಬಿಟ್ಟ. ಅಪ್ಪ ಒಳಗೆ ಬಂದು ಗೋಡೆಗೆ ಒರಗಿ ಕುಳಿತ. ಅತ್ತಿ ತಟ್ಟೆ ಇಟ್ಟಳು. ರೊಟ್ಟಿ ಬುಟ್ಟಿ ತಂದಾಗ ಮಾಮಾ ಅದನ್ನು ಅವಳ ಕೈಯಿಂದ ತಗೊಂಡ. ತನ್ನ ಚರಗಿಯನ್ನೂ ತಾನು ತುಂಬಿಕೊಳ್ಳದ ಗಂಡಸು ಬಾಗಿ ರೊಟ್ಟಿ ಹಾಕಿದ, ಪಲ್ಯ ಹಾಕಿದ, ಅರ್ಧ ಪಲ್ಯ ನೆಲಕ್ಕೆ ಹಾಕಿದ! ಅಪ್ಪ ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡು ಕುಳಿತಿದ್ದ.

"ಉಣ್ಣು ಭಾವಾ," ಎಂದ ಮಾಮಾ. "ಆವತ್ತು ನಾ ಆ ಮಾತು ಅನಬಾರದಿತ್ತು."

"ಅಂದಿದ್ದು ಖರೇನ ಇತ್ತಲ್ಲ."

"ಖರೇ ಇದ್ರೂ ಅನಬಾರದಿತ್ತು."

ಅಪ್ಪ ಅಳುತ್ತಲೇ ಉಂಡ. ಅತ್ತಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಒಲೆಯ ಹೊಗೆಯನ್ನು ಬೈದಳು, ಅವರ ಮನೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಗಿದೆ. ಮಾಮಾ ಪೆನ್ಸಿಲ್ ಮುಟ್ಟಿರಲಿಲ್ಲ. ನಾನು ನೆನಪಿಸಿದರೆ, ಸುಮ್ಮನಿರು, ಇನ್ನೊಂದು ರೊಟ್ಟಿ ತಗೊಂಡು ಬಾ ಎಂದು ಗದರಿದ.

ಆಮೇಲೆ ಎರಡು ದಿನ ಚರ್ಚಿನ ಬಾಗಿಲು ಹಾಕಿಕೊಂಡು ಬರೆದ. ಗುರುವಾರ ಸಂಜೆ ಗೋಡೆಗೆ ಅತ್ತಿಯ ಸೀರೆ ಪರದೆಯಾಗಿತ್ತು. ಹರಿಗೋಲಿನವನು, ಬಿಲ್ ಕಲೆಕ್ಟರ್, ಹುಸೇನಸಾಬ ಎಲ್ಲರೂ ತಮ್ಮ ಮುಖ ನೋಡಲು ಬಂದಿದ್ದರು. ಅಪ್ಪ ಹಿಂದಿನ ಬಾಗಿಲ ಹತ್ತಿರ ನಿಂತಿದ್ದ. ಪರದೆ ಸರಿಯಿತು. ಹನ್ನೆರಡು ಮಂದಿ ಉಣ್ಣುತ್ತಿದ್ದಾರೆ. ಸ್ವಾಮಿ ಅಪ್ಪನ ತಟ್ಟೆಯ ಮುಂದೆ ಬಾಗಿದ್ದಾರೆ, ರೊಟ್ಟಿ ಇನ್ನೂ ಅವರ ಕೈಯಲ್ಲಿದೆ. ಆದರೆ ಯೂದನ ಗುರುತಿಗೆ ಬರೆಯುವ ಹಣದ ಚೀಲ ಯಾರ ಹತ್ತಿರವೂ ಇಲ್ಲ, ಯಾರ ಮುಖವೂ ಕಪ್ಪಿಟ್ಟಿಲ್ಲ. ಇವರಲ್ಲಿ ಯೂದ ಯಾರು ಎಂದು ಪಾಸ್ಟರ್ ಕೇಳಿದರು.

"ಗೊತ್ತಿಲ್ರಿ," ಎಂದ ಮಾಮಾ. "ಇದು ಅಂವ ಎದ್ದು ಹೋಗೂಕ್ಕಿಂತ ಮೊದಲಿಂದು. ಅಲ್ಲೀತನಕಾ ಅವರೊಳಗ ಯಾರಿಗೂ ಗೊತ್ತಿರಲಿಲ್ಲ."

ಶುರುವಾಯಿತು ನೋಡಿ! ಹರಿಗೋಲಿನವನು ಮೆಲ್ಲಗೆ ಬಂದು, ನಾ ಅಲ್ಲ ಹೌದಲ್ರಿ ಎಂದು ಕೇಳಿದ. ಬಿಲ್ ಕಲೆಕ್ಟರ್ ಕೇಳಿದ. ಹುಸೇನಸಾಬ ಎರಡು ಸಲ ಕೇಳಿದ. ಅಂದು ಆ ಊಟದಲ್ಲಿ, ನಿಮ್ಮಲ್ಲೊಬ್ಬ ನನ್ನನ್ನು ಹಿಡಿದುಕೊಡುತ್ತಾನೆ ಎಂದು ಸ್ವಾಮಿ ಹೇಳಿದಾಗ, ಶಿಷ್ಯರು ಕೂಡ ಒಬ್ಬೊಬ್ಬರಾಗಿ ಹೀಗೆಯೇ ಕೇಳಿದ್ದರಂತೆ. ಪಾಸ್ಟರ್ ಅಂದು ಹೇಳಬೇಕಿದ್ದ ಪ್ರಸಂಗದ ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು, ಇವತ್ತು ಇಷ್ಟೇ ಸಾಕು ಎಂದರು.

ಎಲ್ಲರೂ ಹೋದ ಮೇಲೆ ಅಪ್ಪ ಗೋಡೆಯ ಹತ್ತಿರ ಬಂದ. ಅವನು ತನ್ನ ಮುಖ ನೋಡಲಿಲ್ಲ. ರೊಟ್ಟಿ ನೀಡುತ್ತಿದ್ದ ಸ್ವಾಮಿಯ ಕೈಯನ್ನೇ ನೋಡುತ್ತ ನಿಂತ. ಹೆಬ್ಬೆರಳಿನ ಬುಡದಲ್ಲಿ ರೊಟ್ಟಿಯ ಹಂಚು ತಗುಲಿ ಸುಟ್ಟ ಉದ್ದನೆಯ ಕಲೆ. ತೋರುಬೆರಳು ತುದಿಯಲ್ಲಿ ತುಸು ಸೊಟ್ಟ. ಆ ಕೈಯಿಂದ ಜಡೆ ಹಾಕಿಸಿಕೊಂಡು ಶಾಲೆಗೆ ಹೋದವಳು ನಾನು.

"ಇದು ಆಕಿ ಕೈ," ಎಂದ ಅಪ್ಪ.

"ಹೂಂ," ಎಂದ ಮಾಮಾ. "ನನಗ ತುತ್ತು ಹಾಕಿ ಬೆಳಸಿದ್ದು ಅದ. ನೀಡೂ ಕೈ ಅಂದ್ರ ನನಗ ಮತ್ಯಾವುದೂ ಬರಿಯಾಕ ಬರಲಿಲ್ಲ."

ಇಬ್ಬರೂ ಅಲ್ಲೇ ನಿಂತಿದ್ದರು. ನಾನು ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ. ಬಹಳ ಹೊತ್ತಾದ ಮೇಲೆ ಮಾಮಾ ಪರದೆಯ ಸೀರೆಯನ್ನು ಮಡಚಿ ಬಗಲಿಗೆ ಇಟ್ಟುಕೊಂಡು ಹೇಳಿದ.

"ನಾಳಿ ಉಪಾಸ ಐತಿ ಭಾವಾ. ಐತವಾರ ಉಣ್ಣಾಕ ಬಾ."